ನಿಂತಲ್ಲೇ ನಿಂತ ಹಡಗಿಗೊಬ್ಬ ಕಪ್ತಾನ

ನಮ್ಮ ನೌಕಾಪಡೆಯ 'ಸ್ವಿಫ್ಟ್‌ವಿಂಗ್' ಎಂಬ ಹಡಗು ಸೇವೆಗೆ ಸೇರಿದಂದಿನಿಂದ ಇಂದಿನವರೆಗೆ ಒಮ್ಮೆಯೂ ದಾರಿ ತಪ್ಪಿಲ್ಲ, ಯಾವ ಬಿರುಗಾಳಿಗೂ ಓಲಾಡಿಲ್ಲ, ಅದರ ತಳಕ್ಕೆ ಹುಳು ಹಿಡಿದಿಲ್ಲ, ಅದರ ಮೇಲಿದ್ದ ಒಬ್ಬ ಖಲಾಸಿಗೂ ಹೊಟ್ಟೆ ತೊಳಸಿ ವಾಂತಿಯಾಗಿಲ್ಲ. ಇಂಥ ಹೆಗ್ಗಳಿಕೆ ಬೇರಾವ ಹಡಗಿಗೂ ಇಲ್ಲವೆಂದು ಲಂಡನ್ನಿನ ಹಡಗು ಹಂಚಿಕೆ ಕಚೇರಿಯವರು ವರ್ಷ ವರ್ಷವೂ ಮೆಚ್ಚುಗೆ ಸೂಚಿಸುತ್ತಾರೆ. ಸ್ವಿಫ್ಟ್‌ವಿಂಗ್ ಒಂದು ಬಂಡೆ ಎಂಬುದೂ ಇದಕ್ಕೆ ಸ್ವಲ್ಪಮಟ್ಟಿಗೆ ಕಾರಣವಿರಬಹುದು.

ಬಂಡೆ ಹಡಗಾದದ್ದು ನಿಯಮಾನುಸಾರವೇ. ನೆಲವೆಲ್ಲ ಭೂಸೇನೆಗೆ, ನೀರೆಲ್ಲ ನೌಕಾಪಡೆಗೆ ಎಂಬುದು ನಮ್ಮಲ್ಲಿ ಹಳೆಯ ಏರ್ಪಾಡು. ಸಿಡ್ನಿಯಿಂದ ಪೂರ್ವಕ್ಕೆ ಹಲವು ವಾರಗಳ ದೂರದಲ್ಲಿ, ಶಾಂತಸಾಗರದ ನಡುವೆ ಆ ಬಂಡೆ ಎದ್ದು ನಿಂತಿತ್ತು. ಫ್ರೆಂಚರು ಅದನ್ನು ನೋಡುವುದರೊಳಗೆ ಅದರ ಮೇಲೆ ನಮ್ಮವರು ನಾಲ್ಕು ಜನ ಕೂತಿರಬೇಕೆಂದು ಅಡ್ಮಿರಲ್ ಒಬ್ಬರಿಗೆ ಮನಸ್ಸಾಯಿತು. ಆದರೆ ನೆಲದ ಮೇಲೆ ನೌಕಾಪಡೆಯವರು ಅಧಿಕಾರ ನಡೆಸುವಂತಿಲ್ಲ. ಅಡ್ಮಿರಲ್ಲರು ಊಟ ಮುಗಿಯುವಷ್ಟು ಹೊತ್ತು ಯೋಚಿಸಿ, ಬಂಡೆಯನ್ನು ಹಡಗೆಂದು ಪಟ್ಟಿಗೆ ಸೇರಿಸಿಬಿಟ್ಟರು. ಒಡೆದು ಸೌದೆ ಮಾಡಿದ್ದ ಯಾವುದೋ ಹಡಗಿನ ಹೆಸರು ಖಾಲಿ ಬಿದ್ದಿತ್ತು. ಬಿರುಸಿನ ರೆಕ್ಕೆ ಎಂದು ಅದರ ಅರ್ಥ. ಆ ಹೆಸರನ್ನೇ ಇಟ್ಟರು. ಸಮುದ್ರದ ನಕ್ಷೆಯಲ್ಲಿ ಹಡಗುಗಳನ್ನು ಗುರುತಿಸುವ ಪದ್ಧತಿ ಇಲ್ಲವಾದ್ದರಿಂದ, ನಕ್ಷೆಯವರು ಬಂಡೆಯನ್ನು ಅಳಿಸಿ ಅಲ್ಲಿ ನೀರು ಬರೆದರು.

ನಾನು ಮೋಸೆಸ್ ಕಿಟ್ಟೊ, ಆ ಹಡಗಿನ ಗುಮಾಸ್ತ. ನಿಯಮಗಳ ಬಗ್ಗೆ ನನಗೆ ಭಕ್ತಿ ಇದೆ. ಹಾಗಿರುವುದರಿಂದಲೇ ನಾನು ಇನ್ನೂ ಗುಮಾಸ್ತನಾಗಿದ್ದೇನೆ.

ಆ ಕಾಲಕ್ಕೆ ಯೂರೋಪಿನ ಮೇಲೆ ಶಾಂತಿ ಬಂದೆರಗಿತ್ತು. ದೊಡ್ಡ ಯುದ್ಧ ಮುಗಿದು, ಹಡಗುಗಳೆಲ್ಲ ಬಂದರುಗಳಲ್ಲಿ ಕೊಳೆಯುತ್ತಿದ್ದವು. ಕಾರ್ನ್‌ವಾಲ್ ತೀರದ ನಮ್ಮೂರು ಪೋಲ್‌ಮೆರಿಕ್‌ನಲ್ಲಿ ಕಲ್ಲೆಸೆದರೆ ಹಡಗಿಲ್ಲದ ಲೆಫ್ಟಿನೆಂಟನಿಗೇ ತಾಗಬೇಕು, ಅಷ್ಟು ಮಂದಿ. ಅರ್ಧ ಸಂಬಳ, ಪೂರ್ತಿ ಸಮವಸ್ತ್ರ. ಮೇಲಿನವರು ಸತ್ತರೆ ಮಾತ್ರ ಕೆಳಗಿನವರಿಗೆ ಬಡ್ತಿ. ಶಾಂತಿಯಲ್ಲಿ ಯಾರೂ ಸಾಯುವ ಲಕ್ಷಣ ಕಾಣುತ್ತಿರಲಿಲ್ಲ. ಹೀಗಾಗಿ ಪ್ರತಿ ಗುರುವಾರ ರಾತ್ರಿಯೂಟಕ್ಕೆ ಕೂತಾಗ ಆ ಸಭ್ಯ ಯುವಕರು ಲೋಟವೆತ್ತಿ, ಒಂದು ಘೋರ ಯುದ್ಧವಾಗಲಿ, ಅದಾಗದಿದ್ದರೆ ಒಂದು ಒಳ್ಳೆಯ ಕಾಯಿಲೆಯಾದರೂ ಬರಲಿ ಎಂದು ಹಾರೈಸಿ ಕುಡಿಯುತ್ತಿದ್ದರು. ಇದು ನಮ್ಮ ಪಡೆಯ ಹಳೆಯ ಸಂಪ್ರದಾಯ, ಯಾರೂ ತಪ್ಪು ತಿಳಿಯುವುದಿಲ್ಲ.

ಅವರಲ್ಲೊಬ್ಬರು ಲೆಫ್ಟಿನೆಂಟ್ ಜಾಸ್ಪರ್ ಪೆನ್ರೋಸ್. ವಯಸ್ಸು ಚಿಕ್ಕದು, ಕಿವಿ ದೊಡ್ಡದು, ಮನಸ್ಸು ಅಪ್ಪಟ. ಅವರಿಗೆ ಹಡಗು ಬೇಕಾಗಿದ್ದುದು ದೇಶಕ್ಕಾಗಿ ಅಲ್ಲ, ಸೆಲೀನಾ ರಡಾಕ್ ಎಂಬ ಹುಡುಗಿಗಾಗಿ. ಸೆಲೀನಾಳ ತಂದೆ ಕಪ್ತಾನ ರಡಾಕ್ ಮನೆಯನ್ನೇ ಹಡಗಿನಂತೆ ನಡೆಸುತ್ತಿದ್ದರು. ಅಡುಗೆಯವಳು ಗಂಟೆ ಬಾರಿಸಿ ಸಾರು ತರುತ್ತಿದ್ದಳು. ಬೆಳಿಗ್ಗೆ ಅವರು ತೋಟದಲ್ಲಿ ಅತ್ತಿಂದಿತ್ತ ಹೆಜ್ಜೆ ಹಾಕುವಾಗ ಗಾಳಿ ಬೀಸುವ ಬದಿಯಲ್ಲಿ ಬೇರೆಯವರು ನಡೆಯಕೂಡದು, ಹಡಗಿನಲ್ಲಿ ಅದು ಕಪ್ತಾನನ ಬದಿ. ಕೋಳಿಗಳು ಕೂಡ ಅದನ್ನು ಕಲಿತಿದ್ದವು. ಹಡಗಿಲ್ಲದ ಅಧಿಕಾರಿಗೆ ಮಗಳನ್ನು ಕೊಡುವುದಿಲ್ಲ ಎಂಬುದು ಅವರ ಮನೆಯ ನಿಯಮ.

ಒಂದು ದಿನ ಪೆನ್ರೋಸ್ ಸಾಹೇಬರಿಗೆ ನೇಮಕಾತಿ ಬಂತು. ಶಾಂತಸಾಗರದಲ್ಲಿ ಸೇವೆಯಲ್ಲಿರುವ ಸ್ವಿಫ್ಟ್‌ವಿಂಗ್ ಹಡಗಿನ ಅಧಿಕಾರ ವಹಿಸಿಕೊಳ್ಳತಕ್ಕದ್ದು ಎಂದು. ಒಬ್ಬ ಲೆಫ್ಟಿನೆಂಟನಿಗೆ ಒಂದಿಡೀ ಹಡಗು. ಊರಿನ ಉಳಿದ ಲೆಫ್ಟಿನೆಂಟರು ಅವರ ಬೆನ್ನು ತಟ್ಟಿ, ಮನೆಗೆ ಹೋಗಿ ಊಟ ಬಿಟ್ಟರು. ಕಪ್ತಾನ ರಡಾಕ್ ಕೈಕುಲುಕಿದರು.

"ನೋಡಪ್ಪಾ ಪೆನ್ರೋಸ್, ಹಡಗು ಸಿಕ್ಕಿದೆ, ಸಂತೋಷ. ಅದನ್ನ ಇದೇ ಬಂದರಿಗೆ ತಂದು ಒಪ್ಪಿಸು. ತಂದ ದಿನ ಮದುವೆ. ಮಾತು ಅಂದ್ರೆ ಮಾತು."

ಸೆಲೀನಾ ಬಾಗಿಲವರೆಗೆ ಬಂದು, "ಅದು ತೇಲುತ್ತೆ ತಾನೆ?" ಎಂದು ಕೇಳಿದಳು.

"ನಮ್ಮ ನೌಕಾಪಡೆಯ ಹಡಗು ಸೆಲೀನಾ."

"ಅದಕ್ಕೇ ಕೇಳಿದ್ದು," ಎಂದಳಂತೆ ಆ ಹುಡುಗಿ. ಇದನ್ನೆಲ್ಲ ಮುಂದೆ ಅವರೇ ನನಗೆ ಹೇಳಿದ್ದು.

ಸಿಡ್ನಿಯಿಂದ ನಮಗೆ ಹಿಟ್ಟು, ಉಪ್ಪುಮಾಂಸ, ರಮ್ಮು ತರುವ ಹಡಗಿನ ಕಪ್ತಾನ ಬಂಟಿಂಗ್, ಪೆನ್ರೋಸ್ ಸಾಹೇಬರನ್ನು ಕರೆತಂದು, ನಮ್ಮ ಹಗ್ಗದ ಏಣಿಯ ಬುಡಕ್ಕೆ ಬಿಟ್ಟ. ನಾವು ನಿಯಮದಂತೆ ಸಾಲಾಗಿ ನಿಂತಿದ್ದೆವು. ನಮ್ಮ ಖಲಾಸಿಗಳ ಮೇಲಿನ ತಂಡೇಲ, ಹಾಬ್ಸ್ ಎಂಬವನು, ಸೀಟಿ ಊದಿ ಗೌರವ ಸಲ್ಲಿಸಿದ. ಮೇಕೆಗಳು ಕೂಡ ಬಂದು ನೋಡಿದವು. ಸಾಹೇಬರು ಏಣಿ ಹತ್ತಿ ಬಂದು, ಟೋಪಿ ಸರಿಮಾಡಿಕೊಂಡು, ದಿಗಂತದ ಸುತ್ತ ಕಣ್ಣು ಹಾಯಿಸಿದರು.

"ಹಡಗೆಲ್ಲಿ?"

"ತಾವು ಅದರ ಮೇಲೇ ನಿಂತಿದ್ದೀರಿ ಸಾಹೇಬ್ರೇ," ಎಂದೆ ನಾನು.

ಅವರು ಒಂದು ಕಾಲನ್ನು ಎತ್ತಿ ಕೆಳಗೆ ನೋಡಿದರು. ಆಮೇಲೆ ಇನ್ನೊಂದು ಕಾಲನ್ನು. ನನಗೆ ಪಾಪ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ನೇಮಕಾತಿ ಹಿಡಿದು ಬಂದವರೆಲ್ಲ ಹಾಗೇ ಮಾಡುತ್ತಾರೆ. ಎರಡೂ ಕಾಲು ಊರಿ ನಿಂತ ಮೇಲೆ ಅವರು, ಹಿಂದಿನ ಕಪ್ತಾನರು ಎಲ್ಲಿದ್ದಾರೆ, ಅಧಿಕಾರ ವಹಿಸಿಕೊಳ್ಳಬೇಕಲ್ಲ ಎಂದು ಕೇಳಿದರು.

"ಆಲೂಗಡ್ಡೆ ಮಡಿಯಲ್ಲಿದ್ದಾರೆ."

"ಕೆಲಸ ಮಾಡ್ತಿದ್ದಾರಾ?"

"ಇಲ್ಲ ಸಾಹೇಬ್ರೇ, ಅವರ ಕೆಲಸ ಮುಗೀತು."

ಹಿಂದಿನ ಕಪ್ತಾನರು ಕಪ್ಪು ಕೂದಲಿನಲ್ಲಿ ಬಂದು ಬಿಳಿ ಕೂದಲಿನಲ್ಲಿ ತೀರಿಕೊಂಡಿದ್ದರು. ಹಡಗಿನಲ್ಲಿ ಸತ್ತವರನ್ನು ಸಮುದ್ರಕ್ಕೆ ಒಪ್ಪಿಸಬೇಕೆಂಬ ಪ್ರಾರ್ಥನೆಯನ್ನು ಪೂರ್ತಿ ಓದಿ, ನಮ್ಮಲ್ಲಿ ಮಣ್ಣಿರುವುದು ಅದೊಂದೇ ಜಾಗವಾದ್ದರಿಂದ ಅಲ್ಲೇ ಹೂತಿದ್ದೆವು. ಅವರ ಪಕ್ಕದಲ್ಲಿ ಅವರಿಗಿಂತ ಹಿಂದಿನವರಿದ್ದರು. ಆಲೂಗಡ್ಡೆ ಚೆನ್ನಾಗಿ ಬರುತ್ತದೆ.

ನಾನು ನಿಯಮ ಓದಿ ಹೇಳಿದೆ: ಕಪ್ತಾನನು ತನ್ನ ಹಡಗನ್ನು ತವರು ಬಂದರಿಗೆ ತಂದು ಒಪ್ಪಿಸುವವರೆಗೆ ಹಡಗನ್ನು ಬಿಟ್ಟು ಬರತಕ್ಕದ್ದಲ್ಲ, ಬಿಟ್ಟು ಬಂದಲ್ಲಿ ನೇಣು. ಸಾಹೇಬರು ಮಡಿಯ ಕಡೆ ನೋಡಿದರು. ಮೂರನೆಯವರಿಗೆ ಜಾಗ ಧಾರಾಳವಾಗಿತ್ತು.

ಹಡಗಿನ ದಿನಚರಿ ಮಾತ್ರ ಯಾವುದಕ್ಕೂ ಕಡಿಮೆ ಇರಲಿಲ್ಲ. ಚುಕ್ಕಾಣಿ ಚಕ್ರವೊಂದನ್ನು ಬಂಡೆಯ ನೆತ್ತಿಯ ಮೇಲೆ ಗಾರೆ ಹಾಕಿ ನಿಲ್ಲಿಸಿದ್ದೆವು. ಪಾಳಿಯ ಪ್ರಕಾರ ಒಬ್ಬ ಖಲಾಸಿ ಅದನ್ನು ಹಿಡಿದು ನಿಲ್ಲುತ್ತಿದ್ದ. ಗಂಟೆಗೊಮ್ಮೆ ದಾರ ಕಟ್ಟಿದ ಮರದ ತುಂಡನ್ನು ನೀರಿಗೆಸೆದು ವೇಗ ಅಳೆಯುತ್ತಿದ್ದೆವು. ವೇಗ ಸೊನ್ನೆ ಎಂದು ನಾನು ಬರೆದುಕೊಳ್ಳುತ್ತಿದ್ದೆ. ತಳ ಉಜ್ಜುವ ಹಬ್ಬ ವರ್ಷಕ್ಕೊಮ್ಮೆ ಬರುತ್ತಿತ್ತು. ಆ ದಿನ ಎಲ್ಲರೂ ಇಳಿದು ಕೈಗೆಟುಕಿದಷ್ಟು ಬಂಡೆ ಉಜ್ಜಿ ಚಿಪ್ಪು ಆಯ್ದು ಸಾರು ಮಾಡುತ್ತಿದ್ದೆವು.

ಪೆನ್ರೋಸ್ ಸಾಹೇಬರು ಮೊದಲ ಕೆಲವು ವರ್ಷ ಕಚೇರಿಯೊಂದಿಗೆ ಪತ್ರ ಯುದ್ಧ ಮಾಡಿದರು. ಮನೆಗೆ ಬರಲು ಅಪ್ಪಣೆ ಕೊಡಿ ಎಂದು ಬರೆದರು. ಸಂತೋಷದಿಂದ ಬನ್ನಿ, ಹಡಗನ್ನೂ ತನ್ನಿ ಎಂದು ಉತ್ತರ ಬಂತು. ಹಡಗು ಕಲ್ಲಿನದು ಎಂದು ಬರೆದರು. ಹಡಗು ಯಾವುದರಿಂದ ಕಟ್ಟಿದ್ದು ಎಂಬುದು ನಮ್ಮ ವಿಭಾಗಕ್ಕೆ ಸಂಬಂಧಿಸಿದ್ದಲ್ಲ ಎಂದರು. ಇದು ಹಡಗೇ ಅಲ್ಲ, ದ್ವೀಪ ಎಂದು ಬರೆಯಲು ಕೂತಾಗ ನಾನೇ ಕೈ ಹಿಡಿದು ತಡೆದೆ. ದ್ವೀಪವೆಂದರೆ, ನೌಕಾಪಡೆಯ ಅಧಿಕಾರಿ ಹಡಗು ಬಿಟ್ಟು ನೆಲದ ಮೇಲೆ ಬೀಡುಬಿಟ್ಟ ಹಾಗಾಯಿತು, ಅದಕ್ಕೂ ನೇಣೇ. ಕೊನೆಗೆ ಕಚೇರಿಯಿಂದಲೇ ಒಂದು ಖಾರದ ಪತ್ರ ಬಂತು. ತಮ್ಮ ಹಡಗು ಇಡೀ ವರ್ಷ ಸೊನ್ನೆ ಮೈಲಿ ಕ್ರಮಿಸಿರುವುದು ಗಮನಕ್ಕೆ ಬಂದಿದೆ, ಸೋಮಾರಿತನಕ್ಕೆ ಕಾರಣ ಕೊಡತಕ್ಕದ್ದು ಎಂದು. ಸಾಹೇಬರು ಹತಾಶರಾಗಿ, ಹಾಯಿಗಳಿಲ್ಲ ಎಂದು ಬರೆದರು. ಬಂಟಿಂಗ್ ಮುಂದಿನ ಸಲ ಬಂದಾಗ ಹಿಟ್ಟು ಕಡಿಮೆ ತಂದು ಹಾಯಿ ತುಂಬಿ ತಂದ. ಕಂಬ ನೆಟ್ಟು ಎಲ್ಲವನ್ನೂ ಏರಿಸಿದೆವು. ನೋಡಲು ಚಂದವಿತ್ತು.

ಅದೇ ಸಲ ಸೆಲೀನಾಳ ಪತ್ರವೂ ಬಂದಿತ್ತು. ಸಾಹೇಬರು ಅದನ್ನು ಹಾಯಿಯ ನೆರಳಿನಲ್ಲಿ ಕೂತು ಓದಿದರು, ಆಮೇಲೆ ನನ್ನ ಕೈಗೆ ಕೊಟ್ಟರು. ಅವರಿಗೆ ಮಾತಾಡಲು ಬೇರೆ ಯಾರೂ ಇರಲಿಲ್ಲ. ಸ್ವಿಫ್ಟ್‌ವಿಂಗ್ ಬಂಡೆ ಎಂದು ಕೇಳಿ ಅಪ್ಪ ಪಟ್ಟಿ ತೆರೆದು ನೋಡಿದರಂತೆ. ಪಟ್ಟಿಯಲ್ಲಿ ಹಡಗೆಂದಿತ್ತು, ಆದ್ದರಿಂದ ಹಡಗೇ, ಮಾತು ಹಾಗೇ ಇದೆ, ತಂದೊಪ್ಪಿಸಲಿ ಎಂದರಂತೆ. ಈ ನಡುವೆ ಬ್ಲೌಂಟ್ ಎಂಬ ಅಧಿಕಾರಿಯೊಬ್ಬನು ಮನೆಗೆ ಬಂದು ಹೋಗಿ ಮಾಡುತ್ತಿದ್ದನು. ಅವನ ಕೈಯಲ್ಲಿದ್ದ ಹೊಗೆ ಹಡಗು ದಿನಾ ಬಂದರಿನಿಂದ ಹೊರಟು ದಿನಾ ಬಂದರಿಗೇ ಬರುತ್ತಿತ್ತು. ಹಡಗು ತಂದೊಪ್ಪಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲವೆಂದು ಅಪ್ಪನಿಗೆ ಮೆಚ್ಚುಗೆ. ಬರುವ ವರ್ಷದ ವಸಂತದವರೆಗೆ ಅವನೊಂದಿಗಿನ ಮದುವೆಯ ಮಾತನ್ನು ಹೇಗಾದರೂ ಮುಂದೆ ತಳ್ಳುತ್ತೇನೆ, ಆಮೇಲೆ ನನ್ನ ಕೈಯಲ್ಲಿಲ್ಲ ಎಂದು ಬರೆದಿದ್ದಳು. ಕೊನೆಯ ಸಾಲುಗಳು ನನಗೆ ಈಗಲೂ ಬಾಯಿಪಾಠ.

"ಕಪ್ತಾನ ಮನೆಗೆ ಬರೋದು ಎರಡೇ ರೀತಿ ಅಂತ ಅಪ್ಪ ಯಾವಾಗ್ಲೂ ಹೇಳ್ತಾರೆ. ಹಡಗು ತಗೊಂಡು ಬರ್ತಾನೆ, ಇಲ್ಲ ಹಡಗು ಕಳ್ಕೊಂಡು ವಿಚಾರಣೆಗೆ ಬರ್ತಾನೆ. ಮೊದಲನೇದು ನಿಮ್ಮಿಂದಾಗಲ್ಲ. ಎರಡನೇದನ್ನ ಯೋಚನೆ ಮಾಡಿದ್ದೀರಾ?"

ಸಾಹೇಬರು ಯೋಚನೆ ಮಾಡಿದರು. ಹಡಗನ್ನು ಕಳೆದುಕೊಳ್ಳಬೇಕೆಂದರೆ ಅದು ಮುಳುಗಬೇಕು, ಸುಡಬೇಕು ಅಥವಾ ಶತ್ರುವಿನ ಕೈಸೇರಬೇಕು. ಬಂಡೆ ಇದಾವುದಕ್ಕೂ ಒಪ್ಪುವಂತಿರಲಿಲ್ಲ. ಅವರು ಸುಳ್ಳು ಬರೆಯುವ ಜಾತಿಯವರೂ ಅಲ್ಲ. ಎರಡು ದಿನ ಊಟ ಮಾಡಲಿಲ್ಲ, ಮಡಿಯ ಹತ್ತಿರ ಓಡಾಡಿದರು. ಮೂರನೆಯ ದಿನ ಬೆಳಿಗ್ಗೆ ನನ್ನನ್ನು ಕರೆದು ಶಾಂತವಾಗಿ ಬರೆಸಿದರು: 'ಸ್ವಿಫ್ಟ್‌ವಿಂಗ್ ಹಡಗು ಬಂಡೆಯೊಂದರ ಮೇಲೆ ಬಲವಾಗಿ ಕೂತುಬಿಟ್ಟಿದೆ. ಎಷ್ಟೇ ಪ್ರಯತ್ನಿಸಿದರೂ ಕದಲುವ ಲಕ್ಷಣವಿಲ್ಲ. ಜೀವಹಾನಿ ಇಲ್ಲ.'

ನಾನು ಎರಡು ಸಲ ಓದಿದೆ. ಒಂದಕ್ಷರ ಸುಳ್ಳಿರಲಿಲ್ಲ. ಇಷ್ಟು ವರ್ಷ ಆ ಬಂಡೆಯ ಮೇಲೆ ಕೂತು ನನಗೇಕೆ ಇದು ಹೊಳೆಯಲಿಲ್ಲ ಎಂದು ನಾಚಿಕೆಯಾಯಿತು.

ಬಂಟಿಂಗ್ ಮತ್ತೆ ಬಂದಾಗ ನಾವು ಹಿಟ್ಟು ಇಳಿಸಿಕೊಳ್ಳಲಿಲ್ಲ. ಎಲ್ಲರೂ ಅಂಗಿ ಬಿಚ್ಚಿ ಬೀಸುತ್ತ ದಡದಲ್ಲಿ ನಿಂತೆವು. ಅವನು ದೋಣಿಯಲ್ಲಿ ಹತ್ತಿರ ಬಂದ.

"ಏನ್ರೋ ಇದು, ಸೆಖೆನಾ?"

"ಹಡಗು ಒಡೆದು ಅನಾಥರಾಗಿದ್ದೀವಿ ಕಪ್ತಾನ್ರೇ, ಕಾಪಾಡಿ," ಎಂದ ತಂಡೇಲ ಹಾಬ್ಸ್.

"ಹೋದ್ಸಲ ಎಲ್ಲಿದ್ರೋ ಅಲ್ಲೇ ಇದ್ದೀರಲ್ಲೋ."

"ಹೋದ್ಸಲ ಹಡಗಿನ ಮೇಲಿದ್ವಿ. ಈಗ ಬಂಡೆ ಮೇಲಿದ್ದೀವಿ."

ಹಡಗೊಡೆದವರನ್ನು ಕಂಡೂ ಬಿಟ್ಟು ಹೋದ ಕಪ್ತಾನನಿಗೆ ಏನಾಗುತ್ತದೆ ಎಂಬ ನಿಯಮವನ್ನು ನಾನು ದಡದಿಂದಲೇ ಓದಿ ಹೇಳಿದೆ. ಬಂಟಿಂಗ್ ಬೈದುಕೊಳ್ಳುತ್ತ ಎಲ್ಲರನ್ನೂ ಹತ್ತಿಸಿಕೊಂಡ. ಪಡೆಯ ಪದ್ಧತಿಯಂತೆ ಪೆನ್ರೋಸ್ ಸಾಹೇಬರು ಎಲ್ಲರಿಗಿಂತ ಕೊನೆಯಲ್ಲಿ ಹಡಗು ಬಿಟ್ಟರು. ಬಿಡುವ ಮುನ್ನ ಹಿಂದಿನ ಇಬ್ಬರು ಕಪ್ತಾನರಿಗೆ ಸಲಾಮು ಹೊಡೆದದ್ದನ್ನು ನಾನು ನೋಡಿದೆ.

ವಸಂತ ಮುಗಿಯುವುದರೊಳಗೆ ಪೋಲ್‌ಮೆರಿಕ್ ತಲುಪಿದೆವು. ವಿಚಾರಣೆ ಬಂದರಿನಲ್ಲಿದ್ದ ದೊಡ್ಡ ಹಡಗೊಂದರಲ್ಲಿ ನಡೆಯಿತು. ಐದು ಜನ ಕಪ್ತಾನರು ಕೂತಿದ್ದರು. ನಡುವಿನ ಕುರ್ಚಿಯಲ್ಲಿ ಕಪ್ತಾನ ರಡಾಕ್. ಆರೋಪಿ ತಮ್ಮ ಅಳಿಯನಾಗಬೇಕಾದವನು ಎಂದು ಅವರೇ ಎದ್ದು ನಿಂತು ಹೇಳಿದರು. ಆರೋಪಿಯ ಗುಣ ಬಲ್ಲವರು ಇರುವುದು ಒಳ್ಳೆಯದೇ ಎಂದು ಉಳಿದವರು ಕೂರಿಸಿದರು. ನಮ್ಮಲ್ಲಿ ಆರೋಪಿಯ ಕತ್ತಿಯನ್ನು ಮೇಜಿನ ಮೇಲೆ ಅಡ್ಡ ಇಟ್ಟಿರುತ್ತಾರೆ. ತೀರ್ಪಾದ ಮೇಲೆ ಆತನನ್ನು ಒಳಗೆ ಕರೆದಾಗ ಕತ್ತಿಯ ಮೊನೆ ಅವನ ಕಡೆಗಿದ್ದರೆ ಮುಗಿಯಿತು. ಹಿಡಿ ಅವನ ಕಡೆಗಿದ್ದರೆ ಬಚಾವು.

ರಡಾಕ್ ಕನ್ನಡಕದ ಮೇಲಿನಿಂದ ನೋಡಿದರು. "ಅಲ್ಲಯ್ಯಾ, ಅಷ್ಟು ದೊಡ್ಡ ಬಂಡೆ ನಿನ್ನ ಕಣ್ಣಿಗೆ ಬೀಳಲಿಲ್ವೇ?"

"ಬಿತ್ತು ಸಾರ್. ಆದ್ರೆ ನಾನು ಅಧಿಕಾರ ವಹಿಸ್ಕೊಳ್ಳೋ ಹೊತ್ತಿಗೇ ಹಡಗು ಅದರ ಮೇಲೆ ಕೂತಿತ್ತು."

"ಬಿಡಿಸೋಕೆ ಏನು ಮಾಡಿದೆ?"

"ಕಚೇರಿಯವ್ರು ಕಳ್ಸಿದ ಹಾಯಿ ಅಷ್ಟೂ ಏರಿಸಿದ್ವಿ."

"ಅಲುಗಾಡ್ತೇ?"

"ಇಲ್ಲ ಸಾರ್. ಮೇಕೆಗಳು ಮಾತ್ರ ಹೆದರಿ ಓಡಿದ್ವು."

ಎಲ್ಲ ಹಾಯಿ ಏರಿಸಿಯೂ ಕದಲದ ಹಡಗು ಕೈಬಿಡತಕ್ಕದ್ದೇ ಎಂದು ಐವರೂ ತಲೆದೂಗಿದರು. ಉಳಿದದ್ದು ಒಂದೇ ಪ್ರಶ್ನೆ. ನಕ್ಷೆಯಲ್ಲಿರುವ ಬಂಡೆಯ ಮೇಲೆ ಹಡಗು ಕೂರಿಸಿದರೆ ಅದು ಕಪ್ತಾನನ ಅಪರಾಧ. ನಕ್ಷೆ ತರಿಸಿದರು. ನಕ್ಷೆ ವಿಭಾಗದ ಅಧಿಕಾರಿ ಬೆರಳಿಟ್ಟು ತೋರಿಸಿ, ಆ ಜಾಗದಲ್ಲಿ ಬಂಡೆ ಇಲ್ಲ, ಶುದ್ಧ ನೀರು ಎಂದು ಪ್ರಮಾಣ ಮಾಡಿದ. ಐವರೂ ಸರದಿಯಂತೆ ನಕ್ಷೆಯ ಮೇಲೆ ಬಗ್ಗಿ ನೋಡಿದರು. ಹೊರಗೆ ಹೋಗಿ ಎಂದು ನಮ್ಮನ್ನು ಕಳಿಸಿದರು.

ಹೊರಗೆ ಸೆಲೀನಾ ನಿಂತಿದ್ದಳು. ಸಾಹೇಬರ ಕಿವಿ ಬಿಳಿಚಿಕೊಂಡಿತ್ತು. ಒಳಗಿನಿಂದ ಕರೆ ಬಂದಾಗ ಅವಳು ಅವರ ಕೋಟಿನ ಗುಂಡಿ ಸರಿಮಾಡಿ ಕಳಿಸಿದಳು. ನಾನು ಅವರ ಭುಜದ ಮೇಲಿನಿಂದ ಇಣುಕಿದೆ. ಕತ್ತಿಯ ಹಿಡಿ ನಮ್ಮ ಕಡೆಗಿತ್ತು. ನನ್ನ ಕಣ್ಣಲ್ಲಿ ನೀರು ಬಂತು, ಗುಮಾಸ್ತನಿಗೆ ಅದು ಶೋಭಿಸುವುದಿಲ್ಲ, ಆದರೂ ಬಂತು.

ಆರೋಪಿ ನಿರ್ದೋಷಿ. ಅಷ್ಟೇ ಅಲ್ಲ, ಇಲ್ಲಿಯವರೆಗೆ ಯಾರಿಗೂ ಗೊತ್ತಿಲ್ಲದ ಬಂಡೆಯೊಂದನ್ನು ಶಾಂತಸಾಗರದಲ್ಲಿ ಕಂಡುಹಿಡಿದದ್ದಕ್ಕಾಗಿ ಆತನಿಗೆ ಬಡ್ತಿ ಕೊಡತಕ್ಕದ್ದು, ಬಂಡೆಗೆ ಆತನ ಹೆಸರಿಡತಕ್ಕದ್ದು. ನಕ್ಷೆಯವರು ಅಲ್ಲೇ ನೀರನ್ನು ಅಳಿಸಿ 'ಪೆನ್ರೋಸ್ ಬಂಡೆ' ಎಂದು ಬರೆದರು.

ಮನೆಗೆ ಬಂದ ಮೇಲೆ ಕಪ್ತಾನ ರಡಾಕ್ ಭಾವೀ ಅಳಿಯನನ್ನು ಅಪ್ಪಿಕೊಂಡು, ಆಮೇಲೆ ದೂರ ಸರಿದು ನಿಂತರು. ಹಡಗು ತಂದೊಪ್ಪಿಸುವ ಮಾತು ಬಿದ್ದುಹೋಯಿತು, ಇಲ್ಲದ ಹಡಗನ್ನು ಯಾರೂ ತರಲಾರರು ಎಂದು ಒಪ್ಪಿದರು. "ಆದ್ರೆ ಈಗ ನಿನ್ನ ಹತ್ರ ಹಡಗಿಲ್ವಲ್ಲಪ್ಪಾ," ಎಂದರು. ಅವರ ಧ್ವನಿಯಲ್ಲೂ ನೋವಿತ್ತು. ನಿಯಮ ಮಾಡಿದವರನ್ನೇ ನಿಯಮ ಹೆಚ್ಚು ಕಟ್ಟಿಹಾಕುತ್ತದೆ.

ಹೊಸ ನೇಮಕಾತಿ ಬೇಗನೆ ಬಂತು. ಶಾಂತಸಾಗರದಲ್ಲಿ ಹೊಸದಾಗಿ ಸಿಕ್ಕಿರುವ ಪೆನ್ರೋಸ್ ಬಂಡೆಯನ್ನು ಫ್ರೆಂಚರಿಗಿಂತ ಮೊದಲು ಹಿಡಿದುಕೊಳ್ಳುವುದು ಅಗತ್ಯವಾಗಿದೆ. ನೆಲದ ಮೇಲೆ ನೌಕಾಪಡೆಯ ಅಧಿಕಾರ ನಡೆಯದ ಕಾರಣ ಸದರಿ ಬಂಡೆಯನ್ನು ಹಡಗೆಂದು ಪಟ್ಟಿಗೆ ಸೇರಿಸಲಾಗಿದೆ. ಹಳೆಯ ಹಡಗು ನಷ್ಟವಾಗಿ ಹೆಸರು ಖಾಲಿಯಿರುವುದರಿಂದ ಇದಕ್ಕೆ ಸ್ವಿಫ್ಟ್‌ವಿಂಗ್ ಎಂದು ಹೆಸರಿಡಲಾಗಿದೆ. ಆ ಪ್ರದೇಶವನ್ನು ಬಲ್ಲ ಏಕೈಕ ಅಧಿಕಾರಿ ಪೆನ್ರೋಸ್‌ರವರು ಅಧಿಕಾರ ವಹಿಸಿಕೊಳ್ಳತಕ್ಕದ್ದು. ಇದರೊಂದಿಗೆ ನಕ್ಷೆ ವಿಭಾಗಕ್ಕೂ ಸೂಚನೆ ಹೋಗಿತ್ತು. ಅವರು ಬಂಡೆ ಅಳಿಸಿ ನೀರು ಬರೆದರು.

ಸಾಹೇಬರು ಓದಿ ಮೆಟ್ಟಿಲ ಮೇಲೆ ಕೂತುಬಿಟ್ಟರು. ಸೆಲೀನಾ ಪತ್ರ ಕಸಿದುಕೊಂಡು ಓದಿದಳು. ಮೊದಲು ನಕ್ಕಳು. ಆಮೇಲೆ ಕಿಟಕಿಯಿಂದ ತೋಟದ ಕೋಳಿಗಳನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತಂದೆಯ ಹತ್ತಿರ ಹೋದಳು.

"ಹಡಗು ಸಿಕ್ತಲ್ಲ ಅಪ್ಪಾ. ಭಾನುವಾರ ಮದುವೆ ಇಟ್ಕೊಳ್ಳೋಣ."

ಕಪ್ತಾನ ರಡಾಕ್ ಪಟ್ಟಿ ತೆರೆದು ನೋಡಿದರು. ಹಡಗಿತ್ತು. ಮದುವೆಯಾಯಿತು. ಬ್ಲೌಂಟ್ ತನ್ನ ಹೊಗೆ ಹಡಗಿನಿಂದ ತೋಪು ಹಾರಿಸಿ ಗೌರವ ಸಲ್ಲಿಸಿದ.

ಹೊರಡುವ ಮುಂಚಿನ ದಿನ ಸೆಲೀನಾ ಅಮ್ಮನವರು, ಈಗ ಹಾಗೇ ಕರೆಯಬೇಕು, ನನ್ನನ್ನು ಕರೆಸಿ, ಹೆಂಡತಿ ಹಡಗಿನಲ್ಲಿ ಇರುವ ಬಗ್ಗೆ ನಿಯಮ ಏನೆಂದು ಕೇಳಿದರು. ಹಡಗು ಲಂಗರು ಹಾಕಿ ನಿಂತಿರುವಾಗ ಹೆಂಡತಿ ಇರಬಹುದು, ಹೊರಟ ಕೂಡಲೇ ಇಳಿಯತಕ್ಕದ್ದು ಎಂದೆ.

"ನಮ್ಮ ಹಡಗು ಯಾವಾಗ ಹೊರಡುತ್ತೆ ಕಿಟ್ಟೊ?"

"ಹೇಳಕ್ಕಾಗಲ್ಲ ಅಮ್ಮಾ."

"ಸರಿ, ಹೊರಟ ದಿನ ಇಳೀತೀನಿ," ಎಂದು ಪೆಟ್ಟಿಗೆ ಕಟ್ಟಿದರು.

ಅಂದಿನಿಂದ ನಾವೆಲ್ಲ ಇಲ್ಲೇ ಇದ್ದೇವೆ. ಮಕ್ಕಳಾದವು, ಜನ್ಮಸ್ಥಳ ಸಮುದ್ರದಲ್ಲಿ ಎಂದು ನಾನೇ ಬರೆದೆ. ಕಪ್ತಾನ ರಡಾಕ್ ವಯಸ್ಸಾದ ಕಾಲಕ್ಕೆ ಬಂಟಿಂಗ್‌ನ ಹಡಗಿನಲ್ಲಿ ಬಂದು ನೋಡಿ, ನೆತ್ತಿಯ ಮೇಲೆ ಗಾಳಿ ಬೀಸುವ ಬದಿಯಲ್ಲಿ ಅತ್ತಿಂದಿತ್ತ ನಡೆದು, ಗಟ್ಟಿ ಹಡಗು, ಒಂದಿಷ್ಟೂ ಓಲಾಡುವುದಿಲ್ಲ ಎಂದು ಮೆಚ್ಚಿಕೊಂಡು ಹೋದರು. ಮೇಕೆಗಳು ಅವರಿಗೆ ದಾರಿ ಬಿಟ್ಟವು.

ಹೋದ ವರ್ಷ ಕಚೇರಿಯಿಂದ ಇನ್ನೊಂದು ನೇಮಕಾತಿ ಬಂತು. ಹಳೆಯ ಸ್ವಿಫ್ಟ್‌ವಿಂಗ್ ಹೋದ ಮೇಲೆ ಇಷ್ಟು ಕಾಲ ಅಪಘಾತವಿಲ್ಲದೆ ಹಡಗು ನಡೆಸಿದ್ದಕ್ಕಾಗಿ ಪೆನ್ರೋಸ್ ಸಾಹೇಬರಿಗೆ ದೊಡ್ಡ ಯುದ್ಧನೌಕೆ ಕೊಡಲಾಗಿದೆ, ತೋಪುಗಳಿರುವುದು, ಮರದ್ದು, ತೇಲುವುದು. ಈಗಿನ ಹಡಗನ್ನು ಇದ್ದಲ್ಲೇ ಬಿಟ್ಟು ಬರಬಹುದು, ಕೇಳುವವರಿಲ್ಲ. ಯುವಕರಾಗಿದ್ದಾಗ ಅವರು ಬೇಡಿಕೊಂಡದ್ದೆಲ್ಲ ಆ ಒಂದು ಹಾಳೆಯಲ್ಲಿತ್ತು. ನೌಕೆ ಕೂಡ ಬಂದು ಎದುರಿಗೇ ನಿಂತಿತ್ತು. ಸಾಹೇಬರು ಹೊಸ ಕೋಟು ತೊಟ್ಟು ದೋಣಿಯಲ್ಲಿ ಹೋಗಿ ಅದನ್ನು ಹತ್ತಿದರು. ಒಂದು ಗಂಟೆಯೊಳಗೆ ತಿರುಗಿ ಬಂದರು, ಕೋಟು ವಾಂತಿಯಲ್ಲಿ ಒದ್ದೆ, ಮುಖ ಬಿಳಿ. ಅದು ಅಲುಗಾಡುತ್ತದೆ ಕಿಟ್ಟೊ, ಎಂದರು ನನ್ನ ಹತ್ತಿರ, ಮೆಲ್ಲಗೆ.

ಚಲಿಸುವ ಹಡಗುಗಳ ಅನುಭವ ತಮಗಿಲ್ಲ, ಆದ್ದರಿಂದ ಮನ್ನಿಸಬೇಕು ಎಂದು ನನ್ನಿಂದಲೇ ಬರೆಸಿದರು. ಕಚೇರಿಯವರು ಒಪ್ಪಿ, ಪ್ರಾಮಾಣಿಕತೆಯನ್ನು ಮೆಚ್ಚಿ ಬರೆದರು. ಆ ಪತ್ರವನ್ನು ನಾನು ಸೆಲೀನಾ ಅಮ್ಮನವರಿಗೆ ಓದಿ ಹೇಳಿದಾಗ ಅವರು ಮಡಿಯಲ್ಲಿ ಆಲೂಗಡ್ಡೆ ಅಗೆಯುತ್ತಿದ್ದರು. ಕೂದಲು ಬೆಳ್ಳಗಾಗಿದೆ ಅವರಿಗೂ.

"ಇನ್ನೂ ಹೊರಟಿಲ್ಲ ಅಲ್ವಾ ಕಿಟ್ಟೊ?"

"ಇಲ್ಲ ಅಮ್ಮಾ."

ಅವರು ತಲೆಯಾಡಿಸಿ, ಅಗೆದ ಸಾಲುಗಳಿಗೆ ಮತ್ತೆ ಬಿತ್ತನೆಯ ಗೆಡ್ಡೆ ಊರಿ, ಹಳೆಯ ಕಪ್ತಾನರ ಪಕ್ಕದಲ್ಲಿ ಎರಡು ಸಾಲಿನಷ್ಟು ಜಾಗವನ್ನು ಬಿತ್ತನೆ ಮಾಡದೆ ಹಾಗೇ ಬಿಟ್ಟು, ಬುಟ್ಟಿ ಎತ್ತಿಕೊಂಡು ಅಡುಗೆಗೆ ಹೋದರು. ನಾನು ಮೇಲೆ ಹತ್ತಿ ಮರದ ತುಂಡನ್ನು ನೀರಿಗೆಸೆದು ವೇಗ ನೋಡಿ ಬರೆದುಕೊಂಡೆ.